ಹಾಡಿನೊಳಗೆ ಸಿಕ್ಕಿಬಿದ್ದ ಅಪ್ಪನ ಹೆಸರು

ಹಾಡು ಶುರುವಾದ ನಲವತ್ತೆರಡನೇ ಸೆಕೆಂಡಿಗೆ ನಮ್ಮವ್ವ ನಮ್ಮಪ್ಪನ ಹೆಸರು ಹೇಳುತ್ತಾಳೆ. ನಲವತ್ತಮೂರನೆಯದಕ್ಕೆ ಮತ್ತೊಮ್ಮೆ ಹೇಳುತ್ತಾಳೆ. ಆಮೇಲೆ ಗೋದಾಮಿನ ಬಾಗಿಲು ಬಿದ್ದಂಥ ಒಂದು ಸದ್ದಾಗಿ, “ವೈಜಿ, ವೈಜಿ, ವೈಜಿನಾಥ” ಎಂದು ಉಸಿರು ಬಿಡದೆ ಎಂಟು ಸಲ ಹೇಳುತ್ತಾಳೆ. ನಾನು ಎಣಿಸಿದ್ದೇನೆ. ಎಣಿಸುವುದೊಂದನ್ನು ಬಿಟ್ಟರೆ ನನಗೆ ಬೇರೇನೂ ತೋಚಿರಲಿಲ್ಲ.

ಇದರಲ್ಲಿ ಗಾಬರಿಯಾಗುವಂಥದ್ದೇನು ಎಂದು ನೀವು ಕೇಳಬಹುದು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವ್ವ ಅಪ್ಪನ ಹೆಸರನ್ನು ಬರಿಬಾಯಲ್ಲಿ ಹೇಳಿದವಳೇ ಅಲ್ಲ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಸವೆಯುತ್ತದೆ ಎಂಬುದು ಅವಳು ಮೆಹಕರದ ತವರಿನಿಂದ ತಂದ ನಂಬಿಕೆ. ಯಾವುದಾದರೂ ಕಚೇರಿಯಲ್ಲಿ “ಯಜಮಾನರ ಹೆಸರೇನ್ರಿ?” ಎಂದು ಕೇಳಿದರೆ ನನ್ನ ಬೆನ್ನಿಗೆ ಒಂದು ಗುದ್ದು ಬೀಳುತ್ತದೆ, ನಾನು ಹೇಳಬೇಕು. ಅವಳಿಗೆ ಆ ಹೆಸರು ಹೇಳಲು ಇರುವ ಒಂದೇ ದಾರಿ ಒಡಪು. ಮದುವೆಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು “ಹೆಸರ ಹೇಳು, ಒಳಗ ಬಾ” ಎಂದು ಕಾಡಿದಾಗ, ಪ್ರಾಸ ಹಾಕಿ ಎರಡು ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುವುದು. ಹಾಗೆ ಹೇಳಿದರೆ ದೋಷವಿಲ್ಲ. ಅವ್ವನ ಒಡಪು, ಅವಳ ಬಾಯಲ್ಲಿ ‘ಪದಾ’, ಭಾಲ್ಕಿಯ ನೆಂಟರಲ್ಲೆಲ್ಲ ಪ್ರಸಿದ್ಧ:

“ಜೋಳದ ರೊಟ್ಟಿಗಿ ಬೆಣ್ಣಿ ಭಾರ, ಬೀದರ ಕೋಟಿಗಿ ಬಿಸಲ ಭಾರ,
ಬಾಯಿ ತೆರೀಲಾಕ ವೈಜಿನಾಥರಾಯರಿಗಿ ಎರಡು ಮಾತು ಭಾರ!”

ಇದರಲ್ಲಿ ಅತಿಶಯೋಕ್ತಿ ಏನೂ ಇಲ್ಲ. ಅಪ್ಪ ಔರಾದಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ದಿನಾ ನಾವಿರುವ ನೌಬಾದಿನಿಂದ ಬಸ್ಸಿಗೆ ಹೋಗಿ ಬರುತ್ತಾರೆ. ಅಲ್ಲಿ ಸೂತ್ರ ಹೇಳಿ ಹೇಳಿ ಮಾತು ಖಾಲಿಯಾಗುತ್ತದೋ ಏನೋ, ಮನೆಗೆ ತರುವುದಿಲ್ಲ.

ಈಗ ತಪ್ಪೊಪ್ಪಿಗೆ. ಎಂ.ಎ. ಓದುವಾಗ ನಾನು ಒಡಪುಗಳ ಮೇಲೆ ಕಿರುಪ್ರಬಂಧ ಬರೆದೆ. ಅದಕ್ಕಾಗಿ ಅವ್ವನ ದನಿ ಮುದ್ರಿಸಿಕೊಂಡು, ಊರು, ಸಂದರ್ಭ ಎಲ್ಲ ನಮೂದಿಸಿ ಜೋಪಾನವಾಗಿಟ್ಟಿದ್ದೆ. ಭಾಲ್ಕಿಯಲ್ಲಿರುವ ಮೌಶಿಯ, ಅಂದರೆ ಅವ್ವನ ತಂಗಿಯ, ಮಗ ಆಕಾಶ ಒಂದು ದಿನ ಫೋನು ಮಾಡಿ, “ಅಕ್ಕಾ, ನಿಮ್ಮವ್ವನ ಒಡಪಿಂದು ಆಡಿಯೊ ಕಳಸು, ಜರಾ ಕೆಲಸ ಅದ” ಎಂದ. ಜಾನಪದದಲ್ಲಿ ಆಸಕ್ತಿ ಮೂಡಿತಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಜೊತೆಗೆ ಲಯದ ಬಗ್ಗೆ ಅರ್ಧ ಪುಟದ ಟಿಪ್ಪಣಿಯನ್ನೂ ಕಳಿಸಿದೆ. ಅವನೂ ಅವನ ಇಬ್ಬರು ಗೆಳೆಯರೂ ‘ಲಾಲ್ ಮಣ್ಣು’ ಎಂಬ ರ‍್ಯಾಪ್ ತಂಡ ಕಟ್ಟಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಒಂದು ತಿಂಗಳಿಗೆ ಅವರ ಮೊದಲ ಹಾಡು ಬಂತು. ಬಂದದ್ದಷ್ಟೇ ಅಲ್ಲ, ಓಡಿತು. ಬೀದರಿನ ಆಟೋಗಳಲ್ಲಿ, ಭಾಲ್ಕಿಯ ಮೊಬೈಲ್ ಅಂಗಡಿಗಳಲ್ಲಿ, ಕೊನೆಗೆ ಕಮಠಾಣದ ಒಂದು ಮದುವೆಯ ಮೆರವಣಿಗೆಯಲ್ಲಿ ನಮ್ಮವ್ವ ನಮ್ಮಪ್ಪನನ್ನು ಕರೆಯತೊಡಗಿದಳು.

ವಿಡಿಯೊವನ್ನು ನಾನು ಮೂರು ಸಲ ನೋಡಿದೆ. ಮೂವರು ಹುಡುಗರು ಕಪ್ಪು ಕನ್ನಡಕ ಹಾಕಿಕೊಂಡು, ಉತ್ತ ಹೊಲದಲ್ಲಿ ನಿಂತ ಟ್ರ್ಯಾಕ್ಟರಿನ ಮೇಲೆ ಕೂತು, ಯಾರ ಮೇಲೋ ಬಹಳ ಸಿಟ್ಟಾಗಿದ್ದಾರೆ. ಯಾರ ಮೇಲೆ ಎಂಬುದು ತಿಳಿಯಲಿಲ್ಲ. ಒಂದು ಸಾಲು ಕನ್ನಡದಲ್ಲಿ ಹೊರಟು, ನಡುವೆ ದಖನಿ ಉರ್ದುವಿಗೆ ತಿರುಗಿ, ಮರಾಠಿಯಲ್ಲಿ ಮುಗಿಯುತ್ತದೆ. ಮೂರೂ ನನಗೆ ಬರುತ್ತವೆ, ಆದರೂ ಅರ್ಥವಾಗಲಿಲ್ಲ. ಮೂರನೇ ಸಲಕ್ಕೆ ನನ್ನ ಕಾಲು ತಾಳ ಹಾಕುತ್ತಿತ್ತು. ಅದೂ ಅರ್ಥವಾಗಲಿಲ್ಲ.

ಅವ್ವನಿಗೆ ಮಾತ್ರ ತಕ್ಷಣ ಅರ್ಥವಾಯಿತು. ಹುಡುಗರು ರೊಟ್ಟಿ, ಬೆಣ್ಣೆ, ಕೋಟೆ, ಬಿಸಿಲು ಎಲ್ಲ ಕತ್ತರಿಸಿ ಎಸೆದು ಬರೀ ಹೆಸರನ್ನು ಇಟ್ಟುಕೊಂಡಿದ್ದರು. “ಪದಾ ಇಲ್ಲದ ಹೆಸರ ಹೇಳಿಸ್ಯಾರ ನನ್ನ ಕಡಿಂದ!” ಎಂದು ಅವಳು ಒಲೆಯ ಮುಂದೆ ಕೂತುಬಿಟ್ಟಳು. “ಒಂದ ಸಲ ಅಲ್ಲ, ಎರಡ ಸಲ ಅಲ್ಲ. ಊರೆಲ್ಲ ಹಾಡ ಹಚ್ತಾರ, ಹಚ್ಚಿದಾಗೊಮ್ಮಿ ನಾನೇ ಅಂದಂಗ ಅಲ್ಲೇನ? ಅವರಿಗಿ ಏನರ ಆದ್ರ?” ಅಂದಿನಿಂದ ಅಪ್ಪ ಬಸ್ಸಿನಿಂದ ಇಳಿದು ಮನೆಗೆ ಬರುವವರೆಗೆ ಬಾಗಿಲಲ್ಲೇ ನಿಲ್ಲುವುದು, ಸೀನಿದರೆ ಹಣೆ ಮುಟ್ಟಿ ನೋಡುವುದು ಶುರುವಾಯಿತು. ಮೂಢನಂಬಿಕೆ ಎಂದು ನಾನು ಹೇಳಬಹುದಿತ್ತು. ಆದರೆ ‘ಒಡಪಿನ ಪ್ರಾಸವು ಹೆಸರಿನ ರಕ್ಷಾಕವಚ’ ಎಂದು ನನ್ನ ಕಿರುಪ್ರಬಂಧದ ಎರಡನೇ ಅಧ್ಯಾಯದಲ್ಲಿ ನಾನೇ ಬರೆದಿದ್ದೆ.

ಆಕಾಶನಿಗೆ ಫೋನು ಮಾಡಿ ಹಾಡು ತೆಗೆಯಲು ಹೇಳಿದೆ.

“ತೆಗೀ ಅಂತ ಕಾಕಾನೇ ಅಂದ್ರೇನು? ಅವರು ಅಂದ್ರ ಈಗಿಂದೀಗ ತೆಗಿತೇನಿ, ಖರೇ ಅಕ್ಕಾ. ಹೆಸರ ಅವರದು.”

“ಅವರು ಏನೂ ಅಂದಿಲ್ಲ.”

“ಅಂದ್ರ ಒಪ್ಪ್ಯಾರ!”

“ಏನೂ ಅಂದಿಲ್ಲ ಅಂದ್ರ ಏನೂ ಅಂದಿಲ್ಲ.”

“ಸಿಟ್ಟಿನ ‘ಏನೂ ಅಂದಿಲ್ಲ’ನೋ, ಖುಷಿದ ‘ಏನೂ ಅಂದಿಲ್ಲ’ನೋ?”

ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದೂ ಅಪ್ಪನ ಮೌನದಲ್ಲಿ ಯಾವುದು ಸಿಟ್ಟು, ಯಾವುದು ಖುಷಿ ಎಂದು ನಾನು ವಿಂಗಡಿಸಿಕೊಂಡಿಲ್ಲ. ಎಂಟು ದಿನ ಅವರನ್ನು ಗಮನಿಸಿದೆ. ದಿನದ ಬಸ್ಸು ಬಿಟ್ಟು ಅರ್ಧ ಗಂಟೆ ಮುಂಚಿನ ಬಸ್ಸಿಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಆ ಹಾಡು ಹಾಕುವ ಹುಡುಗರ ಕಾಟಕ್ಕೆ ಇರಬೇಕು, ಹಾಗಾದರೆ ಸಿಟ್ಟು. ಚಹಾ ಎರಡು ಬಾರಿ ಕೇಳಿದರು, ಹಾಗಾದರೆ ಖುಷಿ. ಒಂದು ಸಂಜೆ ಚಪ್ಪಲಿ ಬಿಟ್ಟವರೇ ಫೋನು ಹಿಡಿದು ಮಹಡಿಗೆ ಹೋದರು. ಅದು ಎರಡೂ ಇರಬಹುದು. ಆಡಿಯೊ ಕಳಿಸಿದವಳು ನಾನೇ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಸಭ್ಯಳೆಂದು ಹೆಸರಾದವಳು. ಅನುಮಾನ ನನ್ನ ಹತ್ತಿರಕ್ಕೂ ಬಂದಿರಲಿಲ್ಲ. ಹಾಗೆ ಬಾರದಂತೆ ನಾನೂ ನೋಡಿಕೊಂಡಿದ್ದೆ.

ಒಂಬತ್ತನೇ ದಿನ ಊಟಕ್ಕೆ ಕೂತಾಗ ಅವ್ವನ ಸಹನೆಯ ಕಟ್ಟೆ ಒಡೆಯಿತು. ರೊಟ್ಟಿ ಹಾಕುವುದನ್ನು ನಿಲ್ಲಿಸಿ, “ಏನ್ರಿ, ಒಂದ ಮಾತ ಅನ್ರಿ ಆ ಹುಡಗಗ. ತೆಗಿ ಅನ್ರಿ. ನನಗ ರಾತ್ರಿ ನಿದ್ದಿ ಬರವಲ್ದು, ನಿಮಗ ಏನರ ಆದ್ರ ನನ್ನ ಬಾಯಿಂದೇ ಆದಂಗ” ಎಂದಳು. ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಆಡಿಯೊ ಕಳಿಸಿದ್ದು ನಾನು” ಎಂದೆ. ಬಹುಶಃ ತೀರಾ ಮೆಲ್ಲಗೆ.

ಅದೇ ಹೊತ್ತಿಗೆ ಅಪ್ಪ ನೀರಿನ ಲೋಟ ಕೆಳಗಿಟ್ಟು ಬಾಯಿ ತೆರೆದರು. “ಹೆಸರ ಹೇಳಿದ್ರ ಆಯುಷ್ಯ ಹೋಗ್ತಿದ್ರ, ನಮ್ಮ ಸಾಲಿ ಹುಡುಗರು ನನ್ನ ಯಾವಾಗೋ ಕಳಸ್ತಿದ್ರು.” ರೊಟ್ಟಿ ಮುರಿಯುತ್ತ ಮತ್ತೆ ಹೇಳಿದರು, “ನಾ ಬ್ಯಾರೆ ನೋಡ್ಲಿಕತ್ತೇನಿ. ವಿಡಿಯೊ ಕೆಳಗ ಎಲ್ಲಾರ ಹೆಸರ ಅದ. ಕ್ಯಾಮೆರಾದವಂದು ಅದ. ಟ್ರ್ಯಾಕ್ಟರ್ ಮಾಲಕಂದು ಸುದ್ದಾ ಅದ. ನಿಂದೇ ಇಲ್ಲ.”

ಇಷ್ಟು ದಿನ ಮಹಡಿಯ ಮೇಲೆ ಅವರು ಹುಡುಕುತ್ತಿದ್ದದ್ದು ಅವ್ವನ ಹೆಸರನ್ನು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ನಂದ್ಯಾಕ ಬೇಕ್ರಿ ಅಲ್ಲಿ” ಎಂದಳು. ರೊಟ್ಟಿ ಹಾಕಿದಳು. ಪಲ್ಯ ಬಡಿಸಿದಳು. ಆಮೇಲೆ, ಯಾರನ್ನೂ ನೋಡದೆ, “ಹಾಕಿದ್ರ ಎಲ್ಲಿ ಹಾಕ್ತಾರ? ಟ್ರ್ಯಾಕ್ಟರದವನ ಮ್ಯಾಲೋ, ಕೆಳಗೋ?” ಎಂದು ಕೇಳಿದಳು.

“ಮ್ಯಾಲ” ಎಂದರು ಅಪ್ಪ.

“ಮತ್ತ ಪದಾನೂ ಪೂರಾ ಬರೀಲಿ. ಮೊದಲ ಪದಾ, ಆಮ್ಯಾಲ ಹಾಡು. ಹಂಗಾದ್ರ ಹೆಸರಿಗಿ ಹೊದಿಕಿ ಹಾಕಿದಂಗ ಆಗ್ತದ” ಎಂದು ಅವ್ವ ತೀರ್ಮಾನ ಕೊಟ್ಟಳು. ನನ್ನ ಎರಡನೇ ಅಧ್ಯಾಯಕ್ಕಿಂತ ಅದು ಸ್ಪಷ್ಟವಾಗಿತ್ತು. ನನ್ನ ತಪ್ಪೊಪ್ಪಿಗೆಯನ್ನು ಇಬ್ಬರೂ ಕೇಳಿಸಿಕೊಂಡಿರಲಿಲ್ಲ. ಮತ್ತೊಮ್ಮೆ ಹೇಳುವಷ್ಟು ಸಜ್ಜನಿಕೆ ನನ್ನಲ್ಲಿ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಆಕಾಶನಿಗೆ ಫೋನು ಮಾಡಿದೆ. “ಹಾಕ್ತೇನಿ ಅಕ್ಕಾ, ಎಲ್ಲಾಕಿಂತ ಮ್ಯಾಲ ಹಾಕ್ತೇನಿ. ಮೌಶಿ ಹೆಸರೇನು?” ಎಂದ. ಹುಟ್ಟಿದಾಗಿನಿಂದ ಅವಳ ಕೈಯ ಹುಗ್ಗಿ ತಿಂದವನಿಗೆ ಅದು ಗೊತ್ತಿರಲಿಲ್ಲ. ಕಸ್ತೂರಿಬಾಯಿ ಎಂದು ಬರೆದು, ಪೂರ್ತಿ ಒಡಪಿನ ಕೆಳಗೆ ಇಟ್ಟು ಕಳಿಸಿದೆ. “ಮತ್ತ ನಿನ್ನ ಹೆಸರು? ಸಂಗ್ರಹ ಅಂತ ಹಾಕ್ಲೇನು?” ಎಂದ. ಪ್ರಚಾರ ನನಗೆ ಹಿಡಿಸುವುದಿಲ್ಲ, “ಬೇಡ” ಎಂದೆ. ಹತ್ತು ನಿಮಿಷದಲ್ಲಿ ತಿದ್ದುಪಡಿಯಾಯಿತು. ಪಾಠ ಮಾಡಲು ಕಾಲೇಜಿಗೆ ಹೊರಡುವ ಮುಂಚೆ ಮೇಲಿನಿಂದ ಕೆಳಗಿನವರೆಗೆ ಮೂರು ಸಲ ಓದಿದೆ. ಎಲ್ಲೂ ನನ್ನ ಹೆಸರಿರಲಿಲ್ಲ. ಒಂದೇ ಸಲ ಬೇಡ ಎಂದರೆ ಬೇಡವೆಂದೇ ತಿಳಿಯುತ್ತಾರಲ್ಲ, ಈ ಹುಡುಗರು.