ಅತ್ತೆ ಎಡದಿಂದ ಓದಿದ ಜಪಾನಿ ಕುಸ್ತಿ

ನಗಬಾರದ ಹೊತ್ತಿನಲ್ಲಿ ನಗು ಬರುವುದು ನಮ್ಮ ಮನೆಗೆ ಅಂಟಿದ ರೋಗ. ಡಾಟ್‌ಕಾಮ್ ಕಂಪನಿಗಳು, ನನ್ನ ಗಂಡ ದುಡಿಯುತ್ತಿದ್ದಂಥವು, ಒಂದೊಂದಾಗಿ ಬಾಗಿಲು ಹಾಕುತ್ತಿದ್ದಾಗ, ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನ ಅಪಾರ್ಟ್‌ಮೆಂಟಿನಲ್ಲಿ ಕೂಡ ಅದು ವಾಸಿಯಾಗಲಿಲ್ಲ.

ಯಾರಿಗೆ ಪುಸ್ತಕ?

ಹದಿಮೂರರ ಮಗಳಿಗೆ ಜಪಾನಿ ಚಿತ್ರಕಥೆಗಳ ಮಾಸಪತ್ರಿಕೆಯೊಂದರ ಹುಚ್ಚು ಹಿಡಿದಿತ್ತು. ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ, ಒಳಗೆಲ್ಲ ಧಾರಾವಾಹಿಗಳು. ಅವಳಿಗೆ ಜಪಾನಿಯ ಒಂದಕ್ಷರವೂ ಬಾರದು. ಚಿತ್ರ ನೋಡಿಯೇ ಕಥೆ ಊಹಿಸುವುದು. ಸ್ಯಾನ್ ಹೋಸೆಯ ಪುಸ್ತಕದಂಗಡಿಯ ಜಪಾನಿ ಮುದುಕರು ನನ್ನನ್ನು ಕೇಳಿದರು, "ಮಗನಿಗಾ? ಇದು ಹುಡುಗರ ಪತ್ರಿಕೆ."

"ಅಮ್ಮ, ಡೋಂಟ್ ಟೆಲ್ ಹಿಮ್!" ಅಂದಳು ಮಗಳು, ಅವರ ಎದುರಿಗೇ.

ಮುದುಕರು ಗಂಭೀರವಾಗಿ, "ನಿಮ್ಮ ಮಗನಿಗೆ ಇಷ್ಟವಾಗಲಿ" ಎಂದು ಅವಳ ಕೈಗೇ ಕೊಟ್ಟರು.

ಕಚ್ಚೆ ಕಟ್ಟಿದವನು

ಆ ವರ್ಷ ಉಡುಪಿಯಿಂದ ಅತ್ತೆ ಬಂದರು. ಅವರಿಗೆ ಇಂಗ್ಲಿಷ್ ಬಾರದು. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಇಬ್ಬರಿಗೂ ಓದಲು ಬಾರದ ಪತ್ರಿಕೆಯೇ ಇಬ್ಬರನ್ನೂ ಸೋಫಾದ ಮೇಲೆ ಒಟ್ಟಿಗೆ ಕೂರಿಸಿತು. ಮಗಳ ಮೆಚ್ಚಿನ ಕಥೆಯಲ್ಲಿ ಸುಮೋ ಕುಸ್ತಿ ಆಡುವ ಒಬ್ಬ ನರಪೇತಲ ಹುಡುಗ. ಅವನನ್ನು ಕಂಡದ್ದೇ ಅತ್ತೆ, "ಕಚ್ಚೆ ಕಟ್ಟಿದ್ದಾನೆ, ನಮ್ಮ ಪೈಕಿಯವನೇ" ಎಂದು ಒಪ್ಪಿಕೊಂಡರು.

ಜಪಾನಿ ಪುಸ್ತಕವನ್ನು ಬಲಗಡೆಯಿಂದ ಓದಬೇಕು. ಅತ್ತೆ ಎಡದಿಂದ ಓದಿದರು. ಅವರ ಕಥೆಯಲ್ಲಿ ಬಿದ್ದವನು ಎದ್ದ, ಊದಿದ ಕಣ್ಣು ಸರಿಯಾಯಿತು, ಬಡಿದಾಡಿದವರು ರಾಜಿಯಾಗಿ ಮನೆಗೆ ಹೋದರು.

"ಅಜ್ಜಿ, ಯು ಆರ್ ರೀಡಿಂಗ್ ಇಟ್ ಬ್ಯಾಕ್‌ವರ್ಡ್ಸ್!"

ನಾನು ಕನ್ನಡದಲ್ಲಿ ಹೇಳಿದೆ: ಉಲ್ಟಾ ಓದುತ್ತಿದ್ದೀರಂತೆ.

"ಅವರು ಪುಸ್ತಕ ಹೊಲಿಯುವಾಗ ತಿರುಗಿಸಿ ಹೊಲಿದದ್ದು ನನ್ನ ತಪ್ಪಾ?"

ಮುಚ್ಚಿದ್ದು ಯಾವುದು?

ಒಂದು ಶನಿವಾರ ಅಂಗಡಿಯ ಮುದುಕರು, ಪತ್ರಿಕೆ ನಿಂತುಹೋಯಿತು, ಇದೇ ಕೊನೆಯ ಸಂಚಿಕೆ ಎಂದರು. ಮಗಳು ಅಳುತ್ತ ಮನೆಗೆ ಬಂದಳು. "ಅಜ್ಜಿ, ದೇ ಶಟ್ ಇಟ್ ಡೌನ್!"

ಇಂದು ಈ ಕಂಪನಿ, ನಾಳೆ ಆ ಕಂಪನಿ ಮುಚ್ಚಿತು ಎಂಬ ನಮ್ಮ ಫೋನಿನ ಮಾತು ಕೇಳಿ ಕೇಳಿ ಅತ್ತೆ ಕಲಿತಿದ್ದ ಇಂಗ್ಲಿಷ್ ಆ 'ಶಟ್ ಡೌನ್' ಒಂದೇ. ಅವರು ನೇರ ಹೋಗಿ, ಮಲಗಿದ್ದ ತಮ್ಮ ಮಗನ ತಲೆ ಸವರಿದರು. "ಕಂಪನಿ ಹೋದರೆ ಹೋಯಿತು ಮಗಾ. ಗಂಜಿಗೆ ತೊಂದರೆ ಇಲ್ಲ."

ನನ್ನ ಗಂಡ ಬೆಚ್ಚಿ ಎದ್ದು ಆಫೀಸಿಗೆ ಫೋನ್ ಹಚ್ಚಿ, "ನಾವು ಇನ್ನೂ ಇದ್ದೇವಾ?" ಎಂದು ಕೇಳಿದರು.

"ಸೋಮವಾರದವರೆಗಂತೂ ಇದ್ದೇವೆ" ಎಂದು ಉತ್ತರ ಬಂತು.

ಕೊನೆಯ ಸಂಚಿಕೆ

ಕೊನೆಯ ಚಿತ್ರದಲ್ಲಿ ಸುಮೋ ಹುಡುಗ ಕೈ ಮುರಿದುಕೊಂಡು ನೆಲದ ಮೇಲೆ ಬಿದ್ದಿದ್ದ. ಕಥೆ ಮುಗಿದಿರಲಿಲ್ಲ. ಮಗಳು ಊಟಕ್ಕೆ ಏಳಲಿಲ್ಲ. "ಹಿ ವಿಲ್ ನೆವರ್ ಗೆಟ್ ಅಪ್" ಅಂದಳು. ಅವನನ್ನು ಎಬ್ಬಿಸಿ ಬರೆಯುವವರು ಇನ್ನು ಯಾರೂ ಇರಲಿಲ್ಲ.

ಅತ್ತೆ ಬಂದು ಕೂತು ಪತ್ರಿಕೆಯನ್ನು ಎಡದಿಂದ ತೆರೆದು ಸುಮೋ ಹುಡುಗನನ್ನು ಹುಡುಕಿದರು. "ಎಂತಕ್ಕೆ ಅಳುವುದು ಮಾರಾಯ್ತಿ? ಇವ ಬಿದ್ದದ್ದು ಸುರುವಿಗೇ ಅಲ್ವಾ?" ಹಾಳೆ ತಿರುಗಿಸಿದರು. "ಇಗೋ, ಎದ್ದ. ಕೈ ಸರಿಯಾಯ್ತು. ಎದುರಿನವನಿಗೆ ಬಗ್ಗಿ ನಮಸ್ಕಾರ ಮಾಡಿದ. ಬಸ್ಸು ಹತ್ತಿದ. ಮನೆಗೆ ಬಂದ. ನೋಡು, ಅಮ್ಮ ಬಡಿಸ್ತಾ ಇದ್ದಾಳೆ."

ಮಗಳು ಮೂಗು ಒರೆಸಿಕೊಂಡು, ಅಜ್ಜಿಗೆ ಮೊದಲ ಸಲ ಕನ್ನಡದಲ್ಲಿ ಕೇಳಿದಳು, "ಆಮೇಲೆ?"

"ಆಮೇಲೆಂತ? ಅಮ್ಮ ಬಡಿಸಿದ್ದನ್ನು ಬಿಟ್ಟು ಯಾರಾದ್ರೂ ಕುಸ್ತಿಗೆ ಹೋಗ್ತಾರಾ? ಏಳು, ಸಾರು ತಣಿತದೆ."

ಮಗಳು ನಗುತ್ತ ಬಂದು ತಟ್ಟೆ ಎಳೆದುಕೊಂಡಳು. ಅಷ್ಟರಲ್ಲಿ ಎದುರು ಕೂತಿದ್ದ ನನ್ನ ಗಂಡ ಮೆಲ್ಲಗೆ ಕೇಳಿದರು:

"ಅಮ್ಮ, ನಮ್ಮ ಕಂಪನಿಯನ್ನೂ ಒಮ್ಮೆ ಎಡದಿಂದ ಓದ್ತೀಯಾ?"