ಫಿಲೋಮಿನಾ ಒರೆಸಿದ ಹಣೆ

ಬೆವರುವುದಕ್ಕೆ ನಾನು ಎಂದೂ ನಾಚಿದವಳಲ್ಲ. ನಲವತ್ತು ವರ್ಷ ಹಂಚಿನ ಮುಂದೆ ಕೂತು ಜೋಳದ ರೊಟ್ಟಿ ಬಡಿದವಳಿಗೆ ಬೆವರೆಂದರೆ ಮೈಮೇಲಿನ ಇನ್ನೊಂದು ಸೀರೆ ಇದ್ದಂತೆ. ಸೇಡಂ ಕಡೆಯಿಂದ ಬಂದು ಕಮ್ಮನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಒಲೆ ಹೂಡಿದ ಮೇಲೂ ಪಕ್ಕದ ಖಾನಾವಳಿಗೆ ರೊಟ್ಟಿ ನನ್ನದೇ. ಆದರೆ ಒಂದು ದಿನದ ಬೆವರು ಮಾತ್ರ ನನ್ನ ಮಾನ ತೆಗೆಯುವುದರಲ್ಲಿತ್ತು.

ಹೋದ ಶ್ರಾವಣದ ಒಂದು ಸೋಮವಾರ ಒಲೆಯ ಮುಂದೆಯೇ ಬಿದ್ದೆ. ಸೊಸೆ ಸುವರ್ಣಾ ಮುಖಕ್ಕೆ ನೀರು ಚಿಮುಕಿಸುವ ಬದಲು ಒಂದು ತಂಬಿಗೆ ಪೂರ್ತಿ ಸುರಿದಿದ್ದಳು. ಕೈಕಾಲು ಅದುರಿದವಂತೆ. ಮೂರ್ಛೆರೋಗವಿರಬಹುದು, ತಲೆಯ ಕರೆಂಟು ಅಳೆಯುವ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಬೆಂಕಿಯ ಹತ್ತಿರ ಬಿಡಬೇಡಿ ಎಂದರು ಡಾಕ್ಟರು. ಸುವರ್ಣಾ ಅಂದೇ ನನ್ನ ಹಂಚನ್ನು ಮಂಚದ ಕೆಳಗೆ ತಳ್ಳಿ ಮುಂದೆ ಅಕ್ಕಿ ಮೂಟೆ ಇಟ್ಟಳು. ರೋಗ ಹೌದೆಂದಾದರೆ ಹಂಚು ಅಲ್ಲೇ ಉಳಿಯುತ್ತದೆ. ಆಮೇಲೆ ನಾನು ಸೊಸೆಯ ಅಡುಗೆಗೆ ಹೆಸರಿಡುತ್ತ ಕೂರಬೇಕು. ಅದನ್ನು ಈಗಲೂ ಮಾಡುತ್ತೇನೆ, ಆದರೆ ಅದಕ್ಕೆ ಇಡೀ ದಿನ ಬೇಕಾಗುವುದಿಲ್ಲ.

ಪರೀಕ್ಷೆಗೆ ಕುಕ್ ಟೌನಿಗೆ ಹೋದೆವು. ದಾರಿಯುದ್ದಕ್ಕೂ ಹೆದರಬೇಡಿ ಹೆದರಬೇಡಿ ಎಂದು ಸುವರ್ಣಾ ಪ್ರಾಣ ತಿಂದಳು. ಹಾವನ್ನು ಬಾಲ ಹಿಡಿದು ಆಚೆ ಎಸೆದವಳು ನಾನು ಎಂದು ಬಾಯಿ ಮುಚ್ಚಿಸಿದೆ. ಅವಳನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಪರೀಕ್ಷೆ ಮಾಡುವವಳು ಫಿಲೋಮಿನಾ. ಕೋಣೆ ಎಷ್ಟು ತಂಪೆಂದರೆ ಅವಳು ಸ್ವೆಟರ್ ಹಾಕಿಕೊಂಡಿದ್ದಳು. ನನ್ನ ತಲೆಗೆಲ್ಲ ಅಂಟು ಹಚ್ಚಿ, ವೈರು ಕೂರಿಸಿ, ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. ಗೆರೆಗಳು ತಮ್ಮ ಸಾಲು ಬಿಟ್ಟು, ಕುಡಿದು ಮನೆಗೆ ಹೊರಟವನಂತೆ ಅತ್ತಿತ್ತ ತೇಲುತ್ತಿದ್ದವು. ಹಂಚು ಹೋಯಿತು ಎಂದುಕೊಂಡೆ.

"ತಲಿ ಕೆಟ್ಟೈತೇನವ್ವಾ?" ಎಂದು ಕೇಳಿಯೇಬಿಟ್ಟೆ.

"ತಲೆ ಅಲ್ಲ ಅಜ್ಜಿ, ಬೆವರು. ಬೆವರಿದ್ರೆ ಗೆರೆ ಹಿಂಗೇ ಜಾರುತ್ತೆ."

ಹಾಗಾದರೆ ಕಂಪ್ಯೂಟರಿನಲ್ಲೇ ಸರಿಮಾಡಿ ಕಳಿಸಿಬಿಡು ಎಂದೆ.

"ಮಾಡ್ಬಹುದು. ಆದ್ರೆ ನಿಮ್ಮ ತಲೇಲೇ ನಿಧಾನದ ಅಲೆ ಇದ್ರೆ ಅದೂ ಜೊತೆಗೆ ಅಳಿಸಿ ಹೋಗುತ್ತೆ. ಆಮೇಲೆ ಡಾಕ್ಟರು ಏನ್ ನೋಡ್ತಾರೆ?"

ಅದು ನನಗೆ ತಿಳಿಯಿತು. ತೀರಾ ಸಣ್ಣ ಜರಡಿ ಹಿಡಿದರೆ ತೌಡಿನ ಜೊತೆ ಹಿಟ್ಟೂ ಆಚೆ ಹೋಗುತ್ತದೆ. ಅವಳು ಕೋಣೆಯನ್ನು ಇನ್ನೂ ತಣ್ಣಗೆ ಮಾಡಿ ಹತ್ತಿಯಿಂದ ನನ್ನ ಹಣೆ ಒರೆಸಿದಳು. ಒರೆಸಿದಷ್ಟೂ ಬಂತು. ಕೊನೆಗೆ ಕುರ್ಚಿ ಎಳೆದುಕೊಂಡು ಕೂತು, ತನಗೆ ರೊಟ್ಟಿ ಬರೀ ಒಡೆಯುತ್ತದೆ, ಹೇಗೆ ತಟ್ಟುವುದು ಎಂದು ಕೇಳಿದಳು. ಇಂಥ ಪ್ರಶ್ನೆಗೆ ನಾನು ಸುಮ್ಮನಿರುವುದುಂಟೆ? ನೀರು ಕುದಿಯಬೇಕು ಎಂಬಲ್ಲಿಂದ ಹಿಡಿದೆ. ಹೊರಗೆ ಜನ ಕಾಯುತ್ತಿದ್ದರೂ ಅವಳು ಅವಸರ ಮಾಡಲಿಲ್ಲ. ಕೇಳುತ್ತಲೇ ಒರೆಸಿದಳು, ಸಡಿಲವಾದ ವೈರುಗಳನ್ನು ಮತ್ತೆ ಅಂಟಿಸಿದಳು. ನಾನು ರೊಟ್ಟಿ ಮಗುಚುವ ಹೊತ್ತಿಗೆ ಗೆರೆಗಳು ತಮ್ಮ ಸಾಲಿಗೆ ಬಂದಿದ್ದವು.

"ಈಗ ಕಣ್ಣು ಮುಚ್ಚಿ ಅಜ್ಜಿ. ಬಾಯೀನೂ."

ಗೆರೆಯಲ್ಲಿ ದೋಷವಿಲ್ಲ, ಸೋಮವಾರದ ಉಪವಾಸ ಮತ್ತು ಒಲೆಯ ಝಳ ಸೇರಿ ಬೀಳಿಸಿವೆ, ತಿಂದು ಒಲೆ ಹಚ್ಚಲಿ ಎಂದರು ಡಾಕ್ಟರು. ಅಕ್ಕಿ ಮೂಟೆ ಸರಿಯಿತು. ಮೊದಲ ಹತ್ತು ರೊಟ್ಟಿ ಫಿಲೋಮಿನಾಗೆ ಹೋದವು. ಅವಳ ಉಪಕಾರಕ್ಕೆ ಅದು ಕಡಿಮೆಯೇ. ಯಾಕೆಂದರೆ ಶುರುವಿನಲ್ಲಿ ಗೆರೆ ಜಾರಿದ್ದು ಬೆವರಿನಿಂದ ಎಂದಷ್ಟೇ ಅವಳು ರಿಪೋರ್ಟಿನಲ್ಲಿ ಬರೆದಿದ್ದಳು. ಬೆವರು ಯಾಕೆ ಬಂತೆಂದು ಬರೆದಿರಲಿಲ್ಲ.

ಸುವರ್ಣಾ ಅದನ್ನು ಓದಿ, ಒಳಗೆ ಅಷ್ಟು ಸೆಕೆಯಿತ್ತೇ ಎಂದು ಕೇಳಿದಳು. ಫ್ಯಾನು ಕೆಟ್ಟಿತ್ತು ಎಂದೆ. ಆ ಕೋಣೆಯಲ್ಲಿ ಫ್ಯಾನೇ ಇರಲಿಲ್ಲ.