ನಾನು ಸ್ಟೇಟಸ್ ಹಾಕದ ದಿನ

ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿದೆ. ಹಾಲು ಕಾಯಿಸಿದೆ, ಉಕ್ಕಿತು, ಒಲೆ ಒರೆಸಿದೆ. ರೊಟ್ಟಿ ಬಡಿದೆ, ಕೊನೆಯದು ಹರಿಯಿತು, ಅದನ್ನು ನಾನೇ ತಿಂದೆ. ಹೆಸರುಕಾಳು ನೆನೆಯಿಟ್ಟೆ. ನಮ್ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ದಿನಾಲೂ ಇಷ್ಟೆಲ್ಲ ಮುಗಿದ ಮೇಲೆ ನನ್ನದು ಇನ್ನೂ ಒಂದು ಕೆಲಸ ಉಳಿಯುತ್ತದೆ: ಇಷ್ಟೆಲ್ಲ ಮುಗಿಯಿತೆಂದು ಫೋನಿನಲ್ಲಿ ಸ್ಟೇಟಸ್ ಹಾಕುವುದು. ಮನೆಯೊಳಗೆ ಹಾಲು ಉಕ್ಕಿದ್ದನ್ನು ಯಾರೂ ವಿಚಾರಿಸುವುದಿಲ್ಲ. ಸ್ಟೇಟಸ್ಸಿನಲ್ಲಿ ಹಾಕಿದರೆ ಲಕ್ಷ್ಮೇಶ್ವರದ ಚಿಗವ್ವ ಅಳುವ ಮುಖ ಕಳಿಸುತ್ತಾಳೆ, ಶಿರಹಟ್ಟಿಯ ಸೋದರಮಾವ ಏನು ಹಾಕಿದರೂ ಕೈ ಮುಗಿಯುತ್ತಾರೆ, ಮುಂಡರಗಿ ಕಡೆಯ ಡೋಣಿಯಲ್ಲಿರುವ ನಾದಿನಿ ಗಿರಿಜಾ ಒಲೆಯ ಉರಿ ಸಣ್ಣ ಮಾಡಲು ಹೇಳುತ್ತಾಳೆ. ಬೆಟಗೇರಿಯ ನನ್ನ ಅಡುಗೆಮನೆ ಹೀಗೆ ಜಿಲ್ಲೆಯ ತುಂಬಾ ಹಬ್ಬಿಕೊಂಡಿದೆ.

ಮಗಳು ಪಲ್ಲವಿಗೆ ಇದು ಸೇರುವುದಿಲ್ಲ. ಅವಳು ಬಿ.ಎಡ್. ಓದುತ್ತಾಳೆ. “ಅವ್ವ, ನೀ ಹಾಲು ಉಕ್ಕಿಸಿದ್ದು ಊರ ಮಂದಿಗೆಲ್ಲ ಯಾಕ ಗೊತ್ತಾಗಬೇಕು?” ಎಂದು ಆವತ್ತು ಬೆಳಗ್ಗೆ ನಾನು ಸ್ಟೇಟಸ್ ಹಾಕಲು ಫೋನು ತೆಗೆದಾಗ ಕೇಳಿದಳು. ಹಾಗೆ ಕೇಳುವಾಗ ತನ್ನ ತಾಟಿನ ಮೊಸರನ್ನು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯುತ್ತಿದ್ದಳು. ಅವಳ ಮೊಸರು ಹೋಗುವುದು ಇನ್‌ಸ್ಟಾಗ್ರಾಮಿಗೆ. ಅಲ್ಲಿಗೆ ಹೋದದ್ದು ಜೀವನಶೈಲಿಯಂತೆ, ನಾನು ಹಾಕುವುದು ಬರೀ ಹರಟೆಯಂತೆ.

“ಒಂದ ದಿನ ನಿನಗ ಅದನ್ನ ಬಿಟ್ಟಿರಾಕ ಆಗೂದಿಲ್ಲ ನೋಡು,” ಎಂದಳು.

“ನಿನಗ ಉಣ್ಣೂವಾಗರ ಬಿಟ್ಟಿರಾಕ ಆಗತೈತೇನು?”

ಇದು ನನ್ನ ಬಹುದಿನದ ಸಂಕಟ. ಇಡೀ ದಿನ ನಾವು ಮೂವರೂ ಕೂಡಿ ಕೂಡ್ರುವುದು ರಾತ್ರಿಯ ಊಟಕ್ಕೆ ಮಾತ್ರ. ಆಗ ನನಗೆ ಕಾಣುವುದು ಅವಳ ಫೋನಿನ ಬೆನ್ನು. ಕಾಲೇಜು ಹೇಗಾಯಿತೆಂದರೂ “ಹ್ಞೂಂ”, ಸಾರು ಬೇಕೇನೆಂದರೂ “ಹ್ಞೂಂ”. ಮಗಳ ಮುಖ ಸರಿಯಾಗಿ ನೋಡಬೇಕೆಂದರೆ ಅವಳ ಪ್ರೊಫೈಲ್ ಫೋಟೋ ತೆರೆದು ನೋಡಬೇಕಾದ ಕಾಲ ಬಂದಿದೆ. ಅಲ್ಲಿಯೂ ಒಂದು ಕೈ ಅಡ್ಡ.

“ಆತು,” ಎಂದಳು ಪಲ್ಲವಿ. “ಇವತ್ತು ರಾತ್ರಿ ಊಟದ ತಾಟು ಹಾಕೂತನಕ ನೀ ಸ್ಟೇಟಸ್ ಹಾಕಲಿಲ್ಲಂದ್ರ ನಾಳಿಂದ ನಾ ಊಟಕ್ಕ ಫೋನ್ ತರೂದಿಲ್ಲ. ಹಾಕಿದ್ರ, ನನ್ನ ಫೋನಿನ ಸುದ್ದಿ ನೀ ಮತ್ತ ತೆಗಿಯಂಗಿಲ್ಲ.”

ಫೋನು ಬಂದ್ ಮಾಡಿ ಜೋಳದ ಡಬ್ಬಿಯೊಳಗೆ ಹೂತಿಟ್ಟೆ. ಬೆಳಗಿನ ಹೊತ್ತು ಹೇಗೋ ಕಳೆಯಿತು. ಬದನೆಕಾಯಿ ಹೆಚ್ಚಿದಾಗ ಒಳಗೆ ಹುಳವಿತ್ತು. ಒಳ್ಳೆಯ ಸ್ಟೇಟಸ್ ಆಗುತ್ತಿತ್ತು. ತಡೆದುಕೊಂಡೆ.

ಮಧ್ಯಾಹ್ನ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಓಣಿಯ ತುದಿಯಿಂದ ಹೆಂಗಸೊಬ್ಬಳು ಹಾಡಿಕೊಂಡು ಅಳುತ್ತ ಬರುವುದು ಕೇಳಿಸಿತು. ನಮ್ಮ ಕಡೆ ಸಾವಿನ ಮನೆಗೆ ಬರುವವರು ಓಣಿಯ ತುದಿಯಿಂದಲೇ ಸುರು ಮಾಡುತ್ತಾರೆ. ಕೇಳಿದ ಹೆಂಗಸರು ದನಿಗೂಡಿಸುವುದು ರೂಢಿ. ಪಾಪ, ಯಾರ ಮನೆಯದೋ ಎಂದು ನಾನೂ ಸೆರಗು ಬಾಯಿಗೆ ಹಿಡಿದು ಅಳತೊಡಗಿದೆ. “ಹುಣ್ಣಿವಿ ಚಂದ್ರನಂಥ ರೊಟ್ಟಿ ಬಡೀತಿದ್ದೆಲ್ಲ ನನ್ನವ್ವ,” ಎಂದು ಆ ದನಿ ಹಾಡಿತು. ಎಂಥ ಗುಣವಂತೆ ಹೋದಳೋ ಎಂದು ನನಗೆ ಇನ್ನಷ್ಟು ಅಳು ಬಂತು. “ನಮ್ಮನ್ನ ಬಿಟ್ಟು ಎಲ್ಲಿ ಹ್ವಾದಿ ನೀಲಾ,” ಎಂದಾಗ ನನ್ನ ಅಳು ನಿಂತಿತು. ನೀಲಾ ನಾನೇ.

ಬಂದವಳು ಲಕ್ಷ್ಮೇಶ್ವರದ ಚಿಗವ್ವ, ಕಂಕುಳಲ್ಲಿ ದೊಡ್ಡ ಬುತ್ತಿಯ ಗಂಟು. ನನ್ನನ್ನು ಕಂಡು ಹಾಡು ನಿಲ್ಲಿಸಿದಳು. ಅವಳ ಮುಖದಲ್ಲಿ ಸಂತೋಷಕ್ಕಿಂತ ಆಕ್ಷೇಪಣೆಯೇ ಹೆಚ್ಚಿತ್ತು.

“ಕುಂತು ಜೋಳ ಹಸನ ಮಾಡಾಕತ್ತೀಯಲ್ಲ?”

“ಮತ್ತೇನ ಮಾಡ್ಲಿ ಚಿಗವ್ವ?”

“ನಿನ್ನಿ ರಾತ್ರಿ ಮೆಣಸಿನಕಾಯಿ ಭಜಿ ತಿಂದು ಎದಿ ಉರಿಯಾಕತ್ತೈತಿ ಅಂತ ಹಾಕಿದ್ದಿ. ಇವತ್ತ ಹಾಲಿಲ್ಲ, ರೊಟ್ಟಿಲ್ಲ, ಏನೂ ಇಲ್ಲ. ನಿನ್ನ ಫೋನ್ ಬಂದ್. ನಿನ್ನ ಗಂಡ ಅಂಗಡ್ಯಾಗ ಫೋನ್ ಎತ್ತೂದಿಲ್ಲ. ನಿನ್ನ ಮಗಳಂತೂ ಫೋನ್ ಕಟ್ ಮಾಡಿ ಮೆಸೇಜ್ ಮಾಡ್ರಿ ಅಂತ ಬರೀತಾಳ, ಸಾವಿನ ಸುದ್ದಿ ಯಾರರ ಮೆಸೇಜಿನ್ಯಾಗ ಕೇಳ್ತಾರೇನು? ನಾ ಏನ ತಿಳಕೋಬೇಕು? ಶಿರಹಟ್ಟಿಗೂ ಡೋಣಿಗೂ ಫೋನ್ ಮಾಡಿ ಹೇಳೇ ಬಂದೇನಿ.”

ತಿಳಿದುಕೊಂಡದ್ದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಬೀಗರು-ಬಂಧುಗಳು ರೊಟ್ಟಿಯ ಬುತ್ತಿ ತರುತ್ತಾರೆ. ತಂದದ್ದನ್ನು ವಾಪಸ್ ಒಯ್ಯುವಂತಿಲ್ಲ. “ನಾ ಸತ್ತಿಲ್ಲಲ್ಲ ಚಿಗವ್ವ,” ಎಂದೆ. “ಅದು ಬುತ್ತಿಗೆ ಹೆಂಗ ಗೊತ್ತಾಗಬೇಕು?” ಎಂದು ಗಂಟನ್ನು ಅಡುಗೆಮನೆಯಲ್ಲಿ ಇಳಿಸಿಯೇಬಿಟ್ಟಳು.

ಅಷ್ಟರಲ್ಲಿ ಶಿರಹಟ್ಟಿಯ ಮಾವ ಮೋಟರ್ ಸೈಕಲ್ಲಿನಿಂದ ಇಳಿದರು. ನನ್ನನ್ನು ಕಂಡದ್ದೇ ಕೈಯಲ್ಲಿದ್ದ ಚೆಂಡುಹೂವಿನ ಹಾರವನ್ನು ಬೆನ್ನ ಹಿಂದೆ ಮಾಡಿ, “ಆರಾಮ ಅದೀಯೇನವಾ?” ಎಂದು ಕೇಳಿದರು. ಆ ಹಾರದ್ದೊಂದು ದೊಡ್ಡ ಪೇಚಾಯಿತು. ಹೆಣಕ್ಕೆಂದು ತಂದದ್ದು ದೇವರಿಗೆ ಬಾರದು, ಬಾಗಿಲಿಗೆ ಬಾರದು. ನನಗಂತೂ ಬಾರದು. ಕೊನೆಗೆ ಪಕ್ಕದ ಮನೆಯ ಎಮ್ಮೆ ಯಾವ ಶಾಸ್ತ್ರವನ್ನೂ ಕೇಳದೆ ಅದನ್ನು ತಿಂದು ಮುಗಿಸಿತು.

ಸಂಜೆ ನಮ್ಮನೆಯವರು ಹಗ್ಗ-ಚೀಲದ ಅಂಗಡಿ ಮುಚ್ಚಿ ಬಂದರು. ಹೊರಗೆ ಚಪ್ಪಲಿ, ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತ ಮಾವ. ಅವರೂ ಪಕ್ಕಕ್ಕೆ ಕೂತು ಮೆಲ್ಲಗೆ, “ಯಾರು ಹ್ವಾದ್ರು ಮಾಂವ?” ಎಂದರು.

“ನಿನ್ನ ಹೇಣ್ತಿನಪ್ಪಾ.”

ನಾನು ಚಹಾ ತಂದಿಟ್ಟೆ. ಅವರು ಕಪ್ಪು ನೋಡಿದರು, ನನ್ನನ್ನು ನೋಡಿದರು. “ಮತ್ತ ಚಾ ಯಾರ ಮಾಡಿದ್ರು?” ಎಂದರು.

ನಗು ಮುಗಿಯುವ ಮೊದಲೇ ಚಿಗವ್ವನ ಫೋನಿಗೆ ನಾದಿನಿ ಗಿರಿಜಾ ಕರೆ ಮಾಡಿದಳು. ಡೋಣಿಯಲ್ಲಿ ಟೆಂಪೋ ನಿಂತಿದೆ, ಮಂದಿ ಹತ್ತುತ್ತಿದ್ದಾರೆ. ನೀಲಾ ಗಟ್ಟಿಯಾಗಿದ್ದಾಳೆ ಎಂದು ಚಿಗವ್ವ ಹೇಳಿದಳು. “ದಾರ್ಯಾಗ ಗಾಬರಿ ಆಗಬಾರದಂತ ಎಲ್ಲಾರೂ ಹಂಗ ಹೇಳ್ತಾರ್ರಿ. ನಮ್ಮ ಅಪ್ಪ ಹ್ವಾದಾಗೂ ಬರೀ ಜ್ವರ ಅಂದಿದ್ರು,” ಎಂದು ಗಿರಿಜಾ ಅತ್ತಳು. ನಾನೇ ಮಾತಾಡಿದೆ. “ಪಲ್ಲವಿ, ನಿನ್ನ ದನಿ ಥೇಟ್ ನಿಮ್ಮವ್ವನಂಗ ಐತಿ,” ಎಂದು ಇನ್ನೂ ಜೋರಾಗಿ ಅತ್ತಳು. “ವೈನಿ ಬದುಕಿದ್ರ ಸ್ಟೇಟಸ್ ಹಾಕ್ಲಾರದ ಇರ್ತಿದ್ಲೇನು?”

ತಾಟು ಹಾಕಲು ಇನ್ನು ಸ್ವಲ್ಪವೇ ಹೊತ್ತಿತ್ತು. ಒಂದು ಕಡೆ ಮಗಳ ಮುಖ, ಇನ್ನೊಂದು ಕಡೆ ಟೆಂಪೋ ತುಂಬಾ ಅಳುವ ಮಂದಿ ಮತ್ತು ಅವರ ಬುತ್ತಿಗಳು. ಪಲ್ಲವಿ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಜೋಳದ ಡಬ್ಬಿಗೆ ಕೈ ಹಾಕಿದೆ. ಚಿಗವ್ವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, “ನಾನು ಇದ್ದೇನೆ. ಹೆಸರುಕಾಳು ನೆನೆದಿದೆ,” ಎಂದು ಹಾಕಿದೆ. ಟೆಂಪೋ ಖಾಲಿಯಾಯಿತು. ನೀರು ಬಸಿದು ಒಗ್ಗರಣೆ ಹಾಕೆಂದು ಗಿರಿಜಾ ಬರೆದಳು. ನಾನು ಸೋತಿದ್ದೆ.

ಆದರೆ ಊಟಕ್ಕೆ ಕೂತಾಗ ಚಿಗವ್ವ ನನ್ನ ಬಾಲ್ಯದ ಕತೆ ತೆಗೆದಳು. ಎತ್ತು ತುಳಿಸಿ ರಾಶಿ ಮಾಡುವ ಹಂತಿಯ ಕಣದಲ್ಲಿ ಆಡುತ್ತ ನಾನು ಜೋಳದ ದಂಟಿನ ಕಣಕಿಯ ಬಣವೆಯೊಳಗೆ ನಿದ್ದೆ ಹೋಗಿ, ಊರೆಲ್ಲ ಬಾವಿ ಇಣುಕಿ ಅತ್ತದ್ದು. “ಆಗಿಂದನ ಹಿಂಗ ಸಾಯೂ ಚಟ ಇಕಿಗೆ,” ಎಂದಳು. ಪಲ್ಲವಿ ತುತ್ತು ಕೈಯಲ್ಲೇ ಹಿಡಿದು ನಗುತ್ತಿದ್ದಳು. ಅವಳ ಫೋನು ಎಲ್ಲಿತ್ತೋ, ಅವಳಿಗೇ ನೆನಪಿರಲಿಲ್ಲ. ಎಷ್ಟೋ ದಿನದ ಮೇಲೆ ಆ ಮುಖ ಪೂರ್ತಿ ಕಾಣುತ್ತಿತ್ತು. ನಾನು ನೋಡಬೇಕಿತ್ತು.

“ಅವ್ವ,” ಎಂದಳು ಅವಳು, “ಉಣ್ಣೂವಾಗರ ಫೋನ್ ಇಡು.”

ನನ್ನ ಸ್ಟೇಟಸ್ ಯಾರು ಯಾರು ನೋಡಿದರೆಂದು ನಾನು ತಾಟಿನ ಮರೆಯಲ್ಲಿ ನೋಡುತ್ತಿದ್ದೆ.

ಉಂಡದ್ದು ಚಿಗವ್ವನ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ನನ್ನ ಹೆಸರುಕಾಳಿನ ಪಲ್ಯ. ತನ್ನ ಸಾವಿನ ಬುತ್ತಿಯನ್ನು ತಾನೇ ಎರಡು ಸಲ ನೀಡಿಸಿಕೊಂಡು ಉಂಡವಳು ನಾನೊಬ್ಬಳೇ ಇರಬೇಕು. ಅತ್ತು ದಣಿದಿದ್ದ ಚಿಗವ್ವ ಮೊದಲು ಮಲಗಿದಳು, ಆಮೇಲೆ ಮಾವ, ಆಮೇಲೆ ನಮ್ಮನೆಯವರು, ಆಮೇಲೆ ಪಲ್ಲವಿ. ಎಲ್ಲರಿಗಿಂತ ಕೊನೆಗೆ ನಾನು, “ಈಗ ಮಲಗುತ್ತೇನೆ, ನಾಳೆ ಏಳುವುದು ತಡ, ಯಾರೂ ಬುತ್ತಿ ಕಟ್ಟಬೇಡಿರಿ,” ಎಂದು ಸ್ಟೇಟಸ್ ಹಾಕಿ.